ಒಳಕೋಣೆಯ ಕರು

ವೆಂಕಟರತ್ನಮ್ಮ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಹಸು ಇರಲಿಲ್ಲ. ಅದು ಅವರಿಗೆ ಸ್ವಲ್ಪ ಆಶ್ಚರ್ಯವನ್ನೇ ತಂದಿತ್ತು. ಮದುವೆಗೆ ಮುಂಚೆ ಗಂಡಿನ ಮನೆ ನೋಡಿಕೊಂಡು ಬಂದಿದ್ದ ಅವರ ಅಪ್ಪ ಆ ಸಂಬಂಧವನ್ನು ಹೊಗಳಿದ್ದೇ ಹಸು ಕರುವಿನ ಮಾತೆತ್ತಿ.

"ಹಸು ಕರು ಇರೋ ಮನೆ ಕಣಮ್ಮ. ಕರೂನ ಒಳಕೋಣೇಲಿ ಕಟ್ಟಿದ್ರಂತೆ. ನಾವು ಕಾಫಿ ಕುಡಿದು ಏಳೋ ತನಕ ಬಾಗಿಲು ಗುದ್ತಾನೇ ಇತ್ತು. ನಿನ್ನ ಥರಾನೇ ಮೊಂಡು!" ಎಂದು ನಕ್ಕಿದ್ದರು.

ಅದು 1999ರ ಮಾತು. ಹೊಸ ಸೊಸೆ ಒಂದು ದಿನ ಆ ಕರು ಎಲ್ಲಿ ಎಂದು ಕೇಳಿದಾಗ ಅತ್ತೆ ಅಶ್ವತ್ಥಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, "ಮಾರಿಬಿಟ್ವಿ" ಎಂದರು. ಮತ್ತೆ ಆ ವಿಷಯ ಬರಲಿಲ್ಲ.

ಮನೆ ಇರುವುದು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಿಂದ ಎರಡು ಕಿಲೋಮೀಟರ್ ಆಚೆ, ಮಾವಿನ ತೋಟದ ನಡುವೆ. ಯಜಮಾನ ದೊಡ್ಡಮುನಿಯಪ್ಪನವರಿಗೆ ಎಪ್ಪತ್ತಾರು. ಮಗ ಅನಿಲ್‌ಕುಮಾರ್ ಶ್ರೀನಿವಾಸಪುರದ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತ. ಅವನಿಗೂ ವೆಂಕಟರತ್ನಮ್ಮನಿಗೂ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ವಾಣಿಶ್ರೀ, ಇಪ್ಪತ್ಮೂರು, ಬಿ.ಎಡ್. ಮುಗಿಸಿದ್ದಾಳೆ. ಚಿಕ್ಕವಳು ದಿವ್ಯ, ಹದಿನಾರು, ಪಿಯು ಮೊದಲ ವರ್ಷ. ಬೆಳಿಗ್ಗೆ ತಾತನ ಪಕ್ಕ ಕೂತು ಪತ್ರಿಕೆ ಓದಿ ಹೇಳುವುದು, ಸಾವಿನ ಸುದ್ದಿ ಬಂದರೆ ಹಾರಿಸಿಬಿಡುವುದು ಅವಳ ಕೆಲಸ. "ಕಳ್ಳಿ, ಎರಡನೇ ಪುಟ ಎಲ್ಲೇ?" ಎಂದು ತಾತ ಗದರುತ್ತಿದ್ದರು.

ಕಳೆದ ಜನವರಿಯಲ್ಲಿ ಪತ್ರಿಕೆ ಓದುವುದು ನಿಂತಿತು. ಮೊದಲು ಪರೀಕ್ಷೆಯ ಭಯ ಎಂದುಕೊಂಡರು. ದಿವ್ಯ ಊಟ ಬಿಟ್ಟಳು, ಸ್ನಾನ ಬಿಟ್ಟಳು, ಗೋಡೆಯ ಕಡೆ ತಿರುಗಿ ಮಲಗಿದಳು. ಪರೀಕ್ಷೆ ಬರೆಯಲಿಲ್ಲ. ಮಾರ್ಚ್ ಕೊನೆಯಲ್ಲಿ ಅವಳನ್ನು ಕೋಲಾರದ ಆಸ್ಪತ್ರೆಯೊಂದರ ಮಾನಸಿಕ ರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಅಪ್ಪ ಅಮ್ಮನ ಜತೆ ತಾತನೂ ಹೋದರು. ಅಜ್ಜಿ ಮನೆಯಲ್ಲೇ ಉಳಿದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ದಿವ್ಯಳ ಜತೆ ಅರ್ಧ ಗಂಟೆ ಮಾತಾಡಿ ಅವಳನ್ನು ಹೊರಗೆ ಕೂರಿಸಿ ಹಿರಿಯರನ್ನು ಕೇಳಿದರು.

"ಮನೆತನದಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ? ತಿಂಗಳುಗಟ್ಟಲೆ ಮಂಕಾಗಿರೋದು, ಇಲ್ಲ ಅದಕ್ಕೆ ತದ್ವಿರುದ್ಧ, ನಿದ್ದೆನೇ ಇಲ್ಲದೆ ಮಾತು, ಹಾಡು, ಓಡಾಟ? ತೀರಿಹೋದೋರ ವಿಷಯ ಆದ್ರೂ ಹೇಳಿ."

"ನಮ್ಮ ವಂಶದಲ್ಲಿ ಅಂಥೋರು ಯಾರೂ ಇಲ್ಲ ಡಾಕ್ಟ್ರಮ್ಮ" ಎಂದರು ದೊಡ್ಡಮುನಿಯಪ್ಪ. "ಬೇಕಾದ್ರೆ ಯಲ್ದೂರಲ್ಲಿ ಯಾರನ್ನಾದ್ರೂ ಕೇಳಿ."

"ಊರನ್ನ ಯಾಕೆ ಕೇಳ್ಲಿ ತಾತ, ನಿಮ್ಮನ್ನೇ ಕೇಳ್ತಿದೀನಿ. ನೋಡಿ, ಮಂಕು ಒಂದೇ ಥರ ಕಂಡ್ರೂ ಕಾಯಿಲೆ ಬೇರೆ ಬೇರೆ ಇರುತ್ತೆ. ಒಂದಕ್ಕೆ ಒಳ್ಳೇದು ಮಾಡೋ ಮಾತ್ರೆ ಇನ್ನೊಂದಕ್ಕೆ ಕೆಡುಕು ಮಾಡಬಹುದು. ಬರೀ ಮಗೂನ ನೋಡಿದ್ರೆ ಗೊತ್ತಾಗಲ್ಲ. ಮನೆಯೋರು ಹೇಳಿದ್ರೆ ಸುಳಿವು ಸಿಗುತ್ತೆ. ಮನೇಲಿ ಒಬ್ಬರಿಗೆ ಇತ್ತು ಅಂದ ಮಾತ್ರಕ್ಕೆ ಎಲ್ಲರಿಗೂ ಬರುತ್ತೆ ಅಂತಲ್ಲ. ತಪ್ಪು ಮಾತ್ರೆ ಕೊಡಬಾರದು ಅಂತ ಕೇಳ್ತಿರೋದು." ಅವರು ಅನಿಲ್‌ಕುಮಾರನ ಕಡೆ ತಿರುಗಿದರು. "ನಿಮಗೆ ಅಣ್ಣ ತಮ್ಮ, ಅಕ್ಕ ತಂಗಿ?"

ಅನಿಲ್‌ಕುಮಾರ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. "ಒಬ್ಬಳು ತಂಗಿ ಇದ್ಲು. ಚಿಕ್ಕವಳಿದ್ದಾಗಲೇ ಕಾಮಾಲೆ ಆಗಿ ಹೋದ್ಲು."

ವೆಂಕಟರತ್ನಮ್ಮನಿಗೂ ಗೊತ್ತಿದ್ದದ್ದು ಅಷ್ಟೇ. ಹೌದೆಂದು ಅವರೂ ತಲೆಯಾಡಿಸಿದರು. ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದು ಡಾಕ್ಟರು ಬರೆದುಕೊಂಡರು. ಮಂಕು ಕಳೆಯುವ ಮಾತ್ರೆ ಕೊಟ್ಟರು. ಎರಡು ವಾರಕ್ಕೆ ಮತ್ತೆ ಬರಬೇಕು, ನಿದ್ದೆ ಕಡಿಮೆಯಾಗಿ ಮಾತು ಹೆಚ್ಚಾದರೆ ಮಾತ್ರ ಅವತ್ತೇ ಬರಬೇಕು ಎಂದು ಎರಡು ಸಲ ಹೇಳಿದರು.

ಹತ್ತು ದಿನ ಚೆನ್ನಾಗಿತ್ತು. ದಿವ್ಯ ಎದ್ದು ಕೂತಳು, ಮೊಸರನ್ನ ತಿಂದಳು. ಮೂರನೇ ವಾರ ನಿದ್ದೆ ಹೋಯಿತು. ಬೆಳಗಾಗುವಷ್ಟರಲ್ಲಿ ಮನೆಯ ಪಾತ್ರೆಯನ್ನೆಲ್ಲ ಎರಡು ಸಲ ತೊಳೆದಿರುತ್ತಿದ್ದಳು. ತೋಟದ ಮರಗಳ ಕಾಂಡದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದಳು. ಮೇಷ್ಟರುಗಳಿಗೆಲ್ಲ ಫೋನು ಮಾಡಿ, ತೋಟದಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸುತ್ತೇನೆ, ಉದ್ಘಾಟನೆಗೆ ಬನ್ನಿ ಎಂದು ಕರೆದಳು. ಮಾತಿನ ವೇಗಕ್ಕೆ ಗಂಟಲು ಒಡೆದುಹೋಗಿತ್ತು.

"ಇವತ್ತೇ ಕೋಲಾರಕ್ಕೆ ಹೋಗೋಣ ಮಾವ" ಎಂದರು ವೆಂಕಟರತ್ನಮ್ಮ.

"ವಾಣಿದು ಮುಗೀಲಿ" ಎಂದರು ದೊಡ್ಡಮುನಿಯಪ್ಪ. ಮಾಲೂರಿನ ಗಂಡಿನ ಕಡೆಯವರು ಮೇ ತಿಂಗಳಲ್ಲಿ ಹೆಣ್ಣು ನೋಡಲು ಬರುವುದೆಂದು ಮಾತಾಗಿತ್ತು. "ಕೋಲಾರ ಎಷ್ಟು ದೊಡ್ಡದಮ್ಮ? ಆ ವಿಭಾಗದ ಬಾಗಿಲಲ್ಲಿ ಮಾಲೂರಿನೋರು ಒಬ್ರು ಕಂಡ್ರೆ ಸಾಕು. ತಂಗಿಗೆ ತಲೆ ಸರಿಯಿಲ್ಲ ಅಂದ್ರೆ ಅಕ್ಕನ್ನ ಯಾರು ತಗೊಂಡ್ ಹೋಗ್ತಾರೆ?"

"ಡಾಕ್ಟ್ರು ಎರಡು ವಾರಕ್ಕೇ ಬನ್ನಿ ಅಂದಿದ್ರು, ನಾಲ್ಕು ವಾರ ಆಗ್ತಾ ಬಂತು."

"ವಯಸ್ಸಿನ ಹುಡುಗಾಟ ಅದು. ಅಕ್ಕನ ಮದುವೆ ಗೊತ್ತಾದ್ರೆ ತಾನೇ ಇಳಿಯುತ್ತೆ."

ಅನಿಲ್‌ಕುಮಾರ್ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದ. ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರಲ್ಲ ಎಂಬುದು ಅವನ ವಾದ. ಹೀಗೆ, ನಿಲ್ಲಿಸಬೇಕಾಗಿದ್ದ ಮಾತ್ರೆಯನ್ನು ಆ ಮಗುವಿಗೆ ಇನ್ನೂ ಮೂರು ವಾರ ತಪ್ಪದೆ ನುಂಗಿಸಿದರು.

ಮೇ ತಿಂಗಳ ಒಂದು ಭಾನುವಾರ ಮಾಲೂರಿನಿಂದ ಕಾರು ಬಂತು. ಹುಡುಗ, ಅವನ ತಾಯಿ ಶ್ಯಾಮಲಮ್ಮ, ಇಬ್ಬರು ಹಿರಿಯರು. ಅದಕ್ಕೆ ಒಂದು ಗಂಟೆ ಮುಂಚೆ, ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಅನಿಲ್‌ಕುಮಾರ್ ದಿವ್ಯಳ ಕೈಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಿದ್ದ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕುವ ಕೋಣೆ ಅದು. ದೊಡ್ಡಮುನಿಯಪ್ಪ ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಅಶ್ವತ್ಥಮ್ಮನಿಗೆ ಕೊಟ್ಟರು. ದಿವ್ಯ ಪಕ್ಕದ ತೋಟದವರ ಮನೆಯಲ್ಲಿದ್ದಾಳೆ ಎಂದು ತಾಯಿಗೂ ಅಕ್ಕನಿಗೂ ಹೇಳಿದರು.

ವಾಣಿಶ್ರೀ ಬಂದು ನಮಸ್ಕಾರ ಮಾಡಿ ಕೂತಳು. ಶ್ಯಾಮಲಮ್ಮ ತೋತಾಪುರಿಯ ಫಸಲು ವಿಚಾರಿಸಿದರು, ಹುಡುಗಿಯ ಓದು ವಿಚಾರಿಸಿದರು. ವೆಂಕಟರತ್ನಮ್ಮ ಕಾಫಿಯ ತಟ್ಟೆ ಹಿಡಿದು ಬರುತ್ತಿದ್ದಾಗ ಒಳಗಿನಿಂದ ಧಡ್ ಎಂದು ಸದ್ದಾಯಿತು. ಸ್ವಲ್ಪ ಬಿಟ್ಟು ಮತ್ತೆ. ಆಮೇಲೆ ನಿಲ್ಲಲೇ ಇಲ್ಲ.

"ಏನದು ಸದ್ದು?" ಎಂದರು ಶ್ಯಾಮಲಮ್ಮ.

ದೊಡ್ಡಮುನಿಯಪ್ಪ ನಕ್ಕರು. "ಕರು ಕಣಮ್ಮ. ಬಿಸಿಲು ಜಾಸ್ತಿ ಅಂತ ಒಳಕೋಣೇಲಿ ಕಟ್ಟಿದ್ದೀವಿ."

ಆ ಮನೆಯಲ್ಲಿ ಈಗಲೂ ಹಸು ಇಲ್ಲ.

ವೆಂಕಟರತ್ನಮ್ಮ ತಟ್ಟೆಯನ್ನು ನೆಲದ ಮೇಲಿಟ್ಟರು. ಇಪ್ಪತ್ತೈದು ವರ್ಷದ ಹಿಂದೆ ಅಪ್ಪ ನಗುತ್ತಾ ಹೇಳಿದ್ದ ಮಾತು, ಹೇಳಿದ್ದ ಹಾಗೆಯೇ, ಅವರ ಕಿವಿಯಲ್ಲಿತ್ತು.

"ಅತ್ತೆ" ಎಂದರು. "ಅವತ್ತು ನಮ್ಮಪ್ಪ ಈ ಮನೆ ನೋಡೋಕೆ ಬಂದಾಗ ಒಳಗಿದ್ದದ್ದು ಯಾರು?"

ಅಶ್ವತ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ಊರ್ಕೋ, ಸುಮ್ನಿರು!" ದೊಡ್ಡಮುನಿಯಪ್ಪ ಕೈ ಎತ್ತಿ ಗದರಿದರು. "ನೆಂಟರ ಮುಂದೆ ಏನಮ್ಮ ಇದು? ಊರ್ಕೋ ಅಂದೆ!"

"ಕರು ಅಲ್ಲ ಅಲ್ವಾ ಅತ್ತೆ? ಕಾಮಾಲೆನೂ ಅಲ್ಲ ಅಲ್ವಾ?"

ವಾಣಿಶ್ರೀ ಎದ್ದು ನಿಂತಳು. "ದಿವ್ಯಾನಾ ಒಳಗಿರೋದು? ತಾತ, ಬೀಗದ ಕೈ ಕೊಡಿ."

"ಕೂತ್ಕೊಳ್ಳೇ. ನಿನಗೋಸ್ಕರಾನೇ ಕಣೇ ಇದೆಲ್ಲ."

"ನನಗೋಸ್ಕರ ಬೇಡ ತಾತ. ನನ್ನ ತಂಗೀನ ಕೂಡಿಹಾಕಿ ನಾನು ಯಾರ ಮನೆಗೂ ಹೋಗಲ್ಲ. ಅವಳಿಗೆ ಹುಷಾರಿಲ್ಲ ಅಂತ ಗೊತ್ತಾದ್ರೆ ಬೇಡ ಅನ್ನೋರು ಇವತ್ತೇ ಬೇಡ ಅನ್ಲಿ."

ಅಶ್ವತ್ಥಮ್ಮ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದರು. ಐವತ್ತು ವರ್ಷದಿಂದ ಗಂಡನ ಮಾತು ಮೀರದ ಹೆಂಗಸು, ಅವರ ಮುಖ ನೋಡದೆ, ಬೀಗದ ಕೈಯನ್ನು ಮೊಮ್ಮಗಳ ಅಂಗೈಯಲ್ಲಿಟ್ಟರು.

ಬಾಗಿಲು ತೆರೆದಾಗ ದಿವ್ಯಳ ಎರಡೂ ಕೈ ಮಣಿಕಟ್ಟಿನವರೆಗೆ ಊದಿಕೊಂಡಿತ್ತು. ಕಾಲ ಕೆಳಗೆ ಹಣ್ಣು ನಜ್ಜುಗುಜ್ಜಾಗಿತ್ತು. ಬೆಳಕಿಗೆ ಕಣ್ಣು ಕಿರಿದಾಗಿಸಿ ಎಲ್ಲರನ್ನೂ ನೋಡಿದಳು. "ಅಕ್ಕಾ, ಸೀರೆ ಸಖತ್ತಾಗಿದೆ ಕಣೇ!" ಎಂದು ಒಡೆದ ಗಂಟಲಲ್ಲಿ ನಕ್ಕಳು.

ಶ್ಯಾಮಲಮ್ಮ ಆ ಕೈಗಳನ್ನೇ ನೋಡುತ್ತ ನಿಂತರು. "ಮೊದ್ಲು ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಎಂದಷ್ಟೇ ಹೇಳಿ ಕಾರು ಹತ್ತಿದರು. ಎರಡು ದಿನದ ಮೇಲೆ, ಜಾತಕ ಕೂಡಿಬರಲಿಲ್ಲ ಎಂದು ಅವರ ಕಡೆಯಿಂದ ಫೋನು ಬಂತು. ಜಾತಕವನ್ನು ಎರಡೂ ಕಡೆಯವರು ಯುಗಾದಿಗೆ ಮುಂಚೆಯೇ ನೋಡಿ ಒಪ್ಪಿದ್ದರು.

ಇದನ್ನು ಒಂದು ಮನೆಯ ಕಥೆ ಎಂದು ಓದಿ ಮಡಿಸಿಡುವಂತಿಲ್ಲ. ಹೆಣ್ಣು ಗಂಡು ಕೂಡಿಸುವಾಗ ನಾವು ಗೋತ್ರ ಕೇಳುತ್ತೇವೆ, ತೋಟ ಕೇಳುತ್ತೇವೆ. ಕಾಯಿಲೆ ಕೇಳಿದರೆ ಇಲ್ಲ ಎನ್ನುತ್ತೇವೆ. ಸಕ್ಕರೆ ಕಾಯಿಲೆಯನ್ನು ಒಪ್ಪಿಕೊಳ್ಳುವ ಬಾಯಿ ಮನಸ್ಸಿನ ಕಾಯಿಲೆಗೆ ಮುಚ್ಚಿಕೊಳ್ಳುತ್ತದೆ. ಆ ಮನೆಯಲ್ಲಿ ಏನಾಗಿತ್ತೆಂದು ಯಲ್ದೂರಿನ ಹಳಬರಿಗೆಲ್ಲ ಗೊತ್ತಿತ್ತು. ಯಾರೂ ಸೊಸೆಗೆ ಹೇಳಲಿಲ್ಲ, ಏಕೆಂದರೆ ನಾಳೆ ಅವರ ಮನೆಯ ವಿಷಯವೂ ಹೊರಬರಬಾರದು. ಕಾಯಿಲೆಯ ಎಳೆ ರಕ್ತದಲ್ಲಿ ಬರಬಹುದು, ಬಾರದೆಯೂ ಇರಬಹುದು. ಬೀಗವನ್ನು ಮಾತ್ರ ತಲೆಮಾರಿನಿಂದ ತಲೆಮಾರಿಗೆ ನಾವೇ ಕೈಯಾರೆ ದಾಟಿಸುತ್ತಿದ್ದೇವೆ.

ಅವತ್ತೇ ಸಂಜೆ ದಿವ್ಯಳನ್ನು ಕೋಲಾರದಲ್ಲಿ ದಾಖಲು ಮಾಡಿದರು. ಮರುದಿನ ಬೆಳಿಗ್ಗೆ ಆ ಡಾಕ್ಟರು ಹಳೆಯ ಫೈಲು ತೆಗೆದು ಅದೇ ಪ್ರಶ್ನೆ ಕೇಳಿದರು. ಈ ಸಲ ದೊಡ್ಡಮುನಿಯಪ್ಪ ಬಂದಿರಲಿಲ್ಲ. ಅನಿಲ್‌ಕುಮಾರ್ ಬಾಗಿಲಾಚೆ ನಿಂತಿದ್ದ. ವೆಂಕಟರತ್ನಮ್ಮನ ಪಕ್ಕ ಅಶ್ವತ್ಥಮ್ಮ ಕೂತಿದ್ದರು.

"ನನ್ನ ಮಗಳು" ಎಂದರು ಅವರು. "ದಿವ್ಯನ ಥರಾನೇ. ಮೊದಲು ಮಂಕು, ಆಮೇಲೆ ಹಾಡು, ಮಾತು. ಈ ಸೊಸೆ ಕಡೆಯೋರು ಮನೆ ನೋಡೋಕೆ ಬಂದ ದಿನ ಒಳಗೆ ಹಾಕಿದ್ವಿ. ಅವರು ಹೋದ್ಮೇಲೆ ಬಾಗಿಲು ತೆಗೆದ್ರೆ ನಗ್ತಾ ಬಂದ್ಲು. ಎಂಟನೇ ದಿನ ತೋಟದ ಬಾವಿ..." ತೋಟದ ಮೂಲೆಯಲ್ಲಿ ಮಣ್ಣು ತುಂಬಿ ಮುಚ್ಚಿದ ಬಾವಿಯೊಂದಿದೆ. ನೀರು ಬತ್ತಿತ್ತು ಎಂದು ವೆಂಕಟರತ್ನಮ್ಮನಿಗೆ ಹೇಳಿದ್ದರು.

ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. "ಮೊದಲ ದಿನವೇ ಇದು ಗೊತ್ತಾಗಿದ್ರೆ ಆ ಮಾತ್ರೆ ಒಂದನ್ನೇ ಕೊಡ್ತಿರ್ಲಿಲ್ಲ ಅಜ್ಜಿ. ಈಗ ನಿಲ್ಲಿಸ್ತೀನಿ, ಬೇರೆ ಶುರು ಮಾಡ್ತೀನಿ. ಕಾಲ ಹಿಡಿಯುತ್ತೆ. ವರ್ಷಗಟ್ಟಲೆ ನೋಡ್ಕೋಬೇಕಾಗಬಹುದು. ಆದ್ರೆ ಓದ್ಬಹುದು, ಕೆಲಸ ಮಾಡ್ಬಹುದು." ಹಳೆಯ ಸಾಲನ್ನು ಹೊಡೆದುಹಾಕಿದರು. "ಹೆಸರು ಹೇಳಿ."

"ಗಂಗಾ."

ಡಾಕ್ಟರು ವಯಸ್ಸನ್ನೂ ಕೇಳಿ ಬರೆದರು. ಅಶ್ವತ್ಥಮ್ಮನಿಗೆ ಓದು ಬಾರದು. ಮೇಜಿನ ಮೇಲೆ ಬಾಗಿ ಆ ಕಾಗದವನ್ನು ನೋಡಿದರು.

"ಏನಂತ ಬರೆದ್ರಿ? ಓದಿ ಹೇಳಮ್ಮ."

"ಗಂಗಾ. ತಂದೆಯ ತಂಗಿ. ಹತ್ತೊಂಬತ್ತು ವರ್ಷ. ಸರೀನಾ ಅಜ್ಜಿ?"

"ಸರಿ" ಎಂದರು ಅಶ್ವತ್ಥಮ್ಮ. ಆ ಕಾಗದದ ಮೇಲೆ ಬೆರಳಿಟ್ಟು, "ಇನ್ನೊಂದು ಸಲ ಓದಮ್ಮ" ಎಂದರು.