ಕೌಸರಳ ಗಾಜಿನ ಬಳೆ

ಖಾನಾಪುರದಿಂದ ಬೆಳಗಾವಿಗೆ ಹೊರಟ ರೈಲು ಮಂಜಿನೊಳಗೆ ತೂಗುತ್ತಿತ್ತು. ಕಿಟಕಿಯಾಚೆ ಮರಗಳು ಬಂದಂತೆ ಮಾಡಿ ಕರಗಿಹೋಗುತ್ತಿದ್ದವು. ತಾಯಿ ಅನ್ವರಿಗೆ ಜೊಂಪು ಹತ್ತಿತ್ತು. ಅವಳ ತೊಡೆಯ ಮೇಲೆ ತಲೆಯಿಟ್ಟಿದ್ದ ಮಗಳು ಕೌಸರ ತನ್ನ ಎಂದಿನ ಆಟ ಹೂಡಿದ್ದಳು. ಈದ್‌ಗೆ ತೊಡಿಸಿದ ಹಸಿರು ಬಳೆಗಳಲ್ಲಿ ಒಡೆಯದೆ ಉಳಿದದ್ದು ಒಂದೇ. ಅದನ್ನು ಮೊಣಕೈ ದಾಟಿಸಿ ಭುಜದವರೆಗೂ ಏರಿಸುವುದು, ಮತ್ತೆ ಕೈ ಇಳಿಬಿಟ್ಟು ಜಾರಿಸುವುದು. ಅನ್ವರಿ ನಿದ್ದೆಗಣ್ಣಲ್ಲೇ ನಕ್ಕಳು.

ನಗದೆ ಏನು ಮಾಡಿಯಾಳು? ಮಗಳಿಗೆ ಲಿವರ್ ಕಾಯಿಲೆ ಎಂದು ತಿಳಿದಂದೇ ಅವಳು ಕಾಮಾಲೆಯ ಪಥ್ಯ ಹಿಡಿಸಿದವಳು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಮೊಟ್ಟೆಯಂತೂ ದೂರದ ಮಾತು. ಗಂಜಿ ಮತ್ತು ಕಬ್ಬಿನ ಹಾಲು, ಅಷ್ಟೇ. ಆಸ್ಪತ್ರೆಯಲ್ಲಿ ಚೆನ್ನಾಗಿ ತಿನ್ನಿಸಿ ಎಂದಾಗ ತಲೆಯಾಡಿಸಿ ಬಂದಿದ್ದಳು, ಕೇಳಿದ್ದು ಮಾತ್ರ ಓಣಿಯವರ ಮಾತು. ಈಗ ನೋಡಿ, ಹುಡುಗಿಯ ಹೊಟ್ಟೆ ದುಂಡಗಾಗಿ ತೂಕವೂ ಏರಿತ್ತು. ಮೈ ಗಟ್ಟಿಯಾದರೆ ಅಪ್ಪ ಇಶ್ತಿಯಾಕನ ಲಿವರಿನ ತುಣುಕು ಕೂಡಿಸುವ ಆಪರೇಷನ್ ಮಾಡಬಹುದು, ಇಲ್ಲದಿದ್ದರೆ ಹುಡುಗಿ ತಾಳಲಾರಳು ಎಂದಿದ್ದರು ಡಾಕ್ಟರು. ಅನ್ವರಿ ಆ ಜೊಂಪಿನಲ್ಲೇ ಮಗಳ ಮದುವೆಯವರೆಗೂ ಹೋಗಿ ಬಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಶರ್ವರಿ ತಕ್ಕಡಿಯನ್ನು ನಂಬಲಿಲ್ಲ. ಕೌಸರಳ ತೋಳಿಗೆ ಟೇಪು ಸುತ್ತಿ ಅಳೆದರು, ಮತ್ತೆ ಅಳೆದರು.

“ತೂಕ ಏರಿದ್ದು ಖರೇ ಐತ್ರಿ. ಆದ್ರ ಅದು ಹೊಟ್ಟ್ಯಾಗಿನ ನೀರು. ತೋಳು ಕರಗೇತಿ. ಹುಡುಗಿ ಹಸದಾಳ್ರಿ.”

ಅನ್ವರಿ ಮಗಳ ತೋಳು ನೋಡಿದಳು. ಬಳೆ ಭುಜದ ಹತ್ತಿರ ಸಡಿಲಾಗಿ ಕೂತಿತ್ತು. ಆ ಆಟಕ್ಕೆ ತಾನು ಎಷ್ಟು ಸಲ ನಕ್ಕಿದ್ದೆ ಎಂದು ನೆನೆದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳೇ ಕೂಸನ್ನು ಉಪವಾಸ ಕೆಡವಿದ್ದಳು.

ಅಂದಿನಿಂದ ಡಾಕ್ಟರು ಹೇಳಿದಂತೆ ಅಡುಗೆಯಲ್ಲಿ ಉಪ್ಪು ಕಡಿಮೆಯಾಯಿತು, ಉಳಿದದ್ದೆಲ್ಲ ಹೆಚ್ಚಾಯಿತು. ಬೇಳೆ, ಮೊಟ್ಟೆ, ತುಪ್ಪ, ಮಲಗುವ ಮುಂಚೆ ಒಂದಿಷ್ಟು, ಎದ್ದ ಕೂಡಲೇ ಒಂದಿಷ್ಟು. ಔಷಧಿಗೆ ಹೊಟ್ಟೆಯ ನೀರು ಇಳಿದು ತೂಕವೂ ಇಳಿಯಿತು. ಪಥ್ಯ ಕೆಡಿಸಿ ಮಗಳನ್ನು ಸೊರಗಿಸಿದಳು ಎಂದು ಓಣಿ ಆಡಿಕೊಂಡಿತು. ಅನ್ವರಿಗೂ ಹೆದರಿಕೆಯೇ. ಆದರೂ ತುಪ್ಪ ಬಡಿಸಿದಳು.

ಚಳಿಗಾಲ ಕಳೆದು ಮತ್ತೆ ಅದೇ ರೈಲು, ಅದೇ ಜೊಂಪು. ಕನಸಿನಲ್ಲಿ ಎಲ್ಲೋ ಬಳೆಯೊಂದು ಉರುಳುತ್ತಿತ್ತು. ಮಗಳು ಮೈ ಅಲುಗಿಸಿದಾಗ ಎಚ್ಚರವಾಯಿತು.

“ಅಮ್ಮೀ, ಬಳಿ ಮ್ಯಾಲ ಹೋಗವಲ್ದು.”

ಮೊಣಕೈಯಿಂದ ಚೂರು ಮೇಲೆ ಬಳೆ ಸಿಕ್ಕಿಕೊಂಡಿತ್ತು. ಅನ್ವರಿ ಬೆರಳಿಂದ ತಡವಿದಳು. ಬಳೆಯಡಿ ಮೆತ್ತನೆಯ ಮಾಂಸ.

“ಇನ್ನೊಮ್ಮೆ ನೂಕಿ ನೋಡು, ಬೇಟಾ.”

ಕೌಸರ ನೂಕಿದಳು. ಕದಲಲಿಲ್ಲ. ಇನ್ನೊಮ್ಮೆ ಎಂದಳು ಅನ್ವರಿ. ಆಟ ಕೆಟ್ಟಿತೆಂದು ಹುಡುಗಿ ಮುಖ ಊದಿಸಿಕೊಂಡಳು. ಅನ್ವರಿ ಕಣ್ಣೊರೆಸಿಕೊಳ್ಳುತ್ತ ಡಬ್ಬಿ ಬಿಚ್ಚಿ, ತುಪ್ಪ ಸವರಿದ ರೊಟ್ಟಿ ಮುರಿದು ಆ ಊದಿದ ಮುಖದ ಬಾಯಿಗಿಟ್ಟಳು.