ಕುತ್ತಿಗೆಯಿಲ್ಲದ ನವಿಲು

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ರಾಮಲಿಂಗಯ್ಯನವರ ಮನೆಯ ಎರಡು ಪವರ್‌ಲೂಮ್‌ಗಳಲ್ಲಿ ಒಂದು ನಿಂತಿತು. ಕರೆಂಟ್ ಹೋಗಿರಲಿಲ್ಲ.

1992ರ ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಇದ್ದೂ ಮಗ್ಗ ನಿಂತರೆ ಅದು ಸುದ್ದಿ. ಎದುರುಮನೆಯ ಪಿಳ್ಳಣ್ಣ ತನ್ನ ಮಗ್ಗ ಬಿಟ್ಟು ಬಾಗಿಲಿಗೆ ಬಂದು ಇಣುಕಿದ. ಒಳಗೆ ರಾಮಲಿಂಗಯ್ಯನವರ ಮಗ ಕುಮಾರ್ ಮಗ್ಗದ ಹಿಡಿ ಎಳೆದು ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಮಗ್ಗದ ಕೆಳಗೆ ಅವನ ಮಗಳು ಮೇಘನ ಕುಕ್ಕರಗಾಲಿನಲ್ಲಿ ಕೂತಿದ್ದಳು. ವಯಸ್ಸು ನಾಲ್ಕೂವರೆ. ಅವಳ ಕೈಗೂ ಮೋಟಾರಿನ ಬೆಲ್ಟಿಗೂ ನಡುವೆ ಒಂದು ಗೇಣು ಜಾಗವಿತ್ತು. ಮುಷ್ಟಿಯಲ್ಲಿ ಕೆಳಗೆ ಬಿದ್ದಿದ್ದ ಕೆಂಪು ನೂಲಿನ ಚೂರುಗಳಿದ್ದವು.

ಯಾಕೆ ಬಂದೆ ಎಂದು ಕೇಳಿದ್ದಕ್ಕೆ, ಗೊಂಬೆಗೆ ಜಡೆ ಬೇಕಿತ್ತು ಎಂದಳು. ಗೊಂಬೆ ಎಲ್ಲಿ ಎಂದು ಕೇಳಿದ್ದಕ್ಕೆ, ಇನ್ನೂ ಇಲ್ಲ, ಮೊದಲು ಜಡೆ ಎಂದಳು.

ಎರಡು ವಾರದಲ್ಲಿ ಇದು ಮೂರನೆಯ ಸಲ. ಬೆಳಗ್ಗೆ ಅವಳು ಅಂಗನವಾಡಿಗೆ ಹೋಗುತ್ತಿದ್ದಳು. ಅದು ಒಂದು ಗಂಟೆಗೆ ಮುಚ್ಚುತ್ತಿತ್ತು. ಆಮೇಲೆ ಕತ್ತಲಾಗುವವರೆಗೆ ಅವಳಿಗೆ ಕೆಲಸವಿಲ್ಲ, ಮನೆಯಲ್ಲಿ ಉಳಿದವರಿಗೆ ಬಿಡುವಿಲ್ಲ. ಕುಮಾರ್ ಎರಡು ಮಗ್ಗ ನೋಡಿಕೊಳ್ಳಬೇಕು. ಅವನ ಹೆಂಡತಿ ವಾಣಿ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಬೇಕು. ಮಗ್ಗದ ಕೋಣೆಗೂ ನಡುಮನೆಗೂ ನಡುವೆ ಬಾಗಿಲೇ ಇರಲಿಲ್ಲ.

ರಾಮಲಿಂಗಯ್ಯ ತೀರ್ಪು ಕೊಟ್ಟರು. ಸೋಮವಾರದ ಮೊದಲ ಬಸ್ಸಿಗೆ ಮಗುವನ್ನು ಕುಂದಾಣಕ್ಕೆ, ವಾಣಿಯ ತಾಯಿ ಲಕ್ಕಮ್ಮನ ಮನೆಗೆ ಕಳಿಸಬೇಕು. ಶಾಲೆಗೆ ಸೇರುವವರೆಗೆ ಅಲ್ಲೇ ಇರಲಿ. ಅಲ್ಲಿ ಮಗ್ಗವಿಲ್ಲ, ಎರಡು ಎಮ್ಮೆ ಇವೆ, ಎಮ್ಮೆಗೆ ಬೆಲ್ಟಿಲ್ಲ.

ಶಾಲೆಗೆ ಇನ್ನೂ ಒಂದು ವರ್ಷವಿತ್ತು. ಆ ಸಂಜೆ ವಾಣಿ ಸುತ್ತಿದ ಕಂಡಿಕೆಗಳಲ್ಲಿ ಮೂರಕ್ಕೆ ಒಂದು ಸಡಿಲವಾಗಿತ್ತು.

ಸಂಜೆ ಆರಕ್ಕೆ ಅಂಗನವಾಡಿಯ ಟೀಚರ್ ಮುನಿಲಕ್ಷ್ಮಮ್ಮ ಬಂದರು. ಪಿಳ್ಳಣ್ಣನ ಬಾಯಿಂದ ಹೊರಟ ಸುದ್ದಿ ಅಷ್ಟರಲ್ಲಿ ಎರಡು ಬೀದಿ ದಾಟಿತ್ತು. ಅವರಿಗೆ ತಲುಪುವಾಗ ಮಗುವಿನ ಎರಡು ಬೆರಳು ಹೋಗಿದ್ದವು. ಮುನಿಲಕ್ಷ್ಮಮ್ಮ ಮೇಘನಳನ್ನು ಎಳೆದು ಕೂರಿಸಿಕೊಂಡು ಮೊದಲು ಬೆರಳು ಎಣಿಸಿದರು. ಹತ್ತೂ ಇದ್ದವು. ಆಮೇಲೆ ಮಾತಿಗೆ ಕೂತರು.

ಅವರು ಹೇಳಿದ ಮೊದಲ ಮಾತು ಬಾಗಿಲಿನದು. ಮಗ್ಗದ ಕೋಣೆಗೆ ಸೊಂಟದೆತ್ತರಕ್ಕೆ ಅಡ್ಡ ಹಲಗೆ ಹಾಕಿ, ಚಿಲಕ ಒಳಗಡೆ ಇರಲಿ ಎಂದರು. ಕುಮಾರ್ ಒಪ್ಪಿದ. ಎರಡನೆಯ ಮಾತಿಗೆ ರಾಮಲಿಂಗಯ್ಯ ಒಪ್ಪಲಿಲ್ಲ. ಮಗು ಮಗ್ಗದ ಹತ್ತಿರ ಹೋಗಿದ್ದು ತುಂಟತನಕ್ಕಲ್ಲ, ಸಾಮಾನಿಗೆ. ಆ ಸಾಮಾನನ್ನು ನಡುಮನೆಗೆ ತಂದುಕೊಟ್ಟು, ದಿನಕ್ಕೆ ಅರ್ಧ ಗಂಟೆ ದೊಡ್ಡವರು ಜೊತೆಗೆ ಕೂತು ಏನಾದರೂ ಮಾಡಿಸಿ ಎಂಬುದು ಅವರ ಸಲಹೆ.

"ನಾವು ಹುಟ್ಟಿದಾಗಿಂದ ನೂಲಲ್ಲೇ ಕೈ ಇಟ್ಕೊಂಡಿದ್ದೀವಿ ಟೀಚರಮ್ಮ," ರಾಮಲಿಂಗಯ್ಯ ಹೇಳಿದರು. "ಬಿಡುವು ಸಿಕ್ಕಾಗ್ಲೂ ಗೊಂಬೆ ಮಾಡ್ಕೊಂಡು ಕೂತ್ಕೊಳಕ್ಕೆ ನಮಗೇನು ಹುಚ್ಚಾ?"

"ಕರೆಂಟ್ ಎಷ್ಟು ಗಂಟೆಗೆ ಹೋಗುತ್ತೆ ಇಲ್ಲಿ?"

"ದಿನಾ ಮೂರರಿಂದ ನಾಲ್ಕು."

"ಆಗ ಏನ್ಮಾಡ್ತೀರಾ ಎಲ್ರೂ?"

"ಏನ್ಮಾಡದು. ಜಗಲಿ ಮೇಲೆ ಕೂತ್ಕೊಂಡು ಕರೆಂಟಿನೋರ್ನ ಬೈತೀವಿ."

"ಅರ್ಧ ಗಂಟೆ ಬೈರಿ ಅಯ್ಯನೋರೆ. ಇನ್ನರ್ಧ ಗಂಟೆ ಮೊಮ್ಮಗಳ ಜೊತೆ ಕೂತ್ಕೊಳಿ."

ಇದರಿಂದ ಮಗು ದೊಡ್ಡ ಜಾಣೆಯಾಗುತ್ತಾಳೋ ಎಂದು ಕುಮಾರ್ ಕೇಳಿದ. ಅಂಥ ಭರವಸೆ ಕೊಡುವುದಿಲ್ಲ ಎಂದರು ಮುನಿಲಕ್ಷ್ಮಮ್ಮ. ತಾವು ಹನ್ನೊಂದು ವರ್ಷದಲ್ಲಿ ಕಣ್ಣಾರೆ ಕಂಡದ್ದು ಇಷ್ಟು: ನೂಲು ಪೋಣಿಸಿ, ಕಾಗದ ಮಡಿಸಿ, ಅಂಟಿಸಿ ರೂಢಿಯಾದ ಮಗುವಿನ ಬೆರಳಿಗೆ ಬಳಪ ಹಿಡಿಯಲು ಬಲ ಬರುತ್ತದೆ, ಬಣ್ಣ ಗುರುತಾಗುತ್ತದೆ, ಹತ್ತರವರೆಗೆ ಎಣಿಕೆ ಬರುತ್ತದೆ. ಮುಖ್ಯವಾಗಿ, ಒಂದು ಕಡೆ ಕೂತು ತಾನೇ ಆಡಿಕೊಳ್ಳುವುದು ಬರುತ್ತದೆ. ಸೋಮವಾರದವರೆಗೆ ನೋಡಿ, ಆಗದಿದ್ದರೆ ನಾನೇ ಬಸ್ಸು ಹತ್ತಿಸುತ್ತೇನೆ ಎಂದರು.

ಸಾಮಾನಿನ ಪಟ್ಟಿ ಕೇಳಿ ವಾಣಿಗೆ ನಗು ಬಂತು. ಎಲ್ಲವೂ ಅವಳು ದಿನವೂ ಗುಡಿಸಿ ಎಸೆಯುವಂಥವು. ನೂಲು ಮುಗಿದ ಕಾಗದದ ಕೋನು, ನೂಲಿನ ಚೂರು, ಬೆಂಕಿಪೊಟ್ಟಣ, ಹಳೆಯ ಕ್ಯಾಲೆಂಡರು. ಅಂಟಿಗೆ ಮಿಕ್ಕ ಅನ್ನ ಅರೆದರೆ ಸಾಕು. ಅಟ್ಟದ ಮೇಲೆ ಸವೆದುಹೋದ ಡಿಸೈನ್ ಕಾರ್ಡುಗಳ ಒಂದು ಮೂಟೆಯೂ ಇತ್ತು. ಸೀರೆಯ ಅಂಚಿನಲ್ಲಿ ಹೂವು, ಹಕ್ಕಿ ಮೂಡಿಸಲು ಮಗ್ಗದ ಮೇಲೆ ಸಾಲಾಗಿ ಹೆಣೆದು ಹಾಕುವ, ತೂತುಗಳಿರುವ ದಪ್ಪ ರಟ್ಟುಗಳವು. ಒಂದೊಂದು ಕಾರ್ಡಿಗೆ ಚಿತ್ರದ ಒಂದೊಂದು ಎಳೆ. ತೂತು ಮೊದಲೇ ಇರುವುದರಿಂದ ಮಗುವಿಗೆ ಸೂಜಿ ಬೇಕಿಲ್ಲ, ಬೆರಳಲ್ಲೇ ನೂಲು ಪೋಣಿಸಬಹುದು ಎಂದರು ಮುನಿಲಕ್ಷ್ಮಮ್ಮ.

ಬುಧವಾರ ಮೂರಕ್ಕೆ ಕರೆಂಟ್ ಹೋಯಿತು. ಅಡ್ಡ ಹಲಗೆ ಬೆಳಗ್ಗೆಯೇ ಬಂದಿತ್ತು. ವಾಣಿ ಮತ್ತು ಮೇಘನ ನಡುಮನೆಯಲ್ಲಿ ಕೂತು ಕೋನಿಗೆ ಬಟ್ಟೆಯ ಉಂಡೆ ಅಂಟಿಸಿದರು. ಅದು ಗೊಂಬೆಯ ತಲೆ. ಇದ್ದಿಲಿನಲ್ಲಿ ಕಣ್ಣು ಬರೆದರು. ಒಂದು ಕಣ್ಣು ಹಣೆಗೆ ಹೋಯಿತು. ರಾಮಲಿಂಗಯ್ಯ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು ಬೈಯುವ ಕೆಲಸ ಮಾಡುತ್ತಿದ್ದರು. ಮಧ್ಯೆ ಎರಡು ಸಲ ತಿರುಗಿ ನೋಡಿದರು.

ಗುರುವಾರ ಜಡೆಯ ಸರದಿ. ವಾಣಿ ಹಾಕಿದ ಜಡೆಯನ್ನು ನೋಡಿ ರಾಮಲಿಂಗಯ್ಯನವರಿಗೆ ತಡೆಯಲಾಗಲಿಲ್ಲ. ನೇಕಾರರ ಮನೆಯಲ್ಲಿ ಮೂರೆಳೆ ಹೀಗಾ ಸೇರಿಸೋದು ಎನ್ನುತ್ತಾ ಎದ್ದುಬಂದರು. ಬಿಚ್ಚಿ, ಬಿಗಿಯಾಗಿ ಹೆಣೆದು, ತುದಿಗೆ ಕುಚ್ಚು ಕಟ್ಟಿದರು. ಮೇಘನ ಇನ್ನೊಂದು ಜಡೆ ಕೇಳಿದಳು. ಕರೆಂಟ್ ಬಂದ ಮೇಲೂ ಅವರು ಎರಡನೆಯ ಜಡೆ ಮುಗಿಸಿಯೇ ಎದ್ದರು. ಮೇಘನ ಅಲ್ಲೇ ಕೂತು ಸಂಜೆಯವರೆಗೆ ಆ ಜಡೆಗಳನ್ನು ಬಿಚ್ಚಿದಳು, ಹೆಣೆದಳು, ಮತ್ತೆ ಬಿಚ್ಚಿದಳು. ಹಲಗೆಯ ಹತ್ತಿರ ಹೋಗಲಿಲ್ಲ.

ಶುಕ್ರವಾರ ಕರೆಂಟ್ ಹೋಗಲಿಲ್ಲ. ಮೂರೂ ಇಪ್ಪತ್ತಕ್ಕೆ ರಾಮಲಿಂಗಯ್ಯ ತಲೆಯ ಮೇಲಿನ ಬಲ್ಬನ್ನೇ ನೋಡುತ್ತಿದ್ದರು.

"ಇವತ್ತು ಯಾಕೋ ಹೋಗ್ಲೇ ಇಲ್ವಲ್ಲೋ," ಎಂದರು ಮಗನಿಗೆ. "ಹೇಳಿದ್ ಟೈಮಿಗೆ ಹೋಗದಿಲ್ಲ ಅಂದ್ರೆ ಇವರನ್ನ ಹೆಂಗೆ ನಂಬದು?"

ಶನಿವಾರ ಸರಿಯಾಗಿ ಮೂರಕ್ಕೆ ಹೋಯಿತು. ಆ ದಿನ ಮನೆಗೆ ಹೊಸ ಡಿಸೈನ್ ಬಂದಿತ್ತು. ಮದುವೆ ಸೀರೆಯ ಅಂಚಿಗೆ ನವಿಲು, ಒಟ್ಟು ಎಪ್ಪತ್ತೆರಡು ಕಾರ್ಡು. ಪ್ರತಿ ಕಾರ್ಡಿನ ತುದಿಯಲ್ಲಿ ನಂಬರು ಬರೆದಿರುತ್ತದೆ. ಒಂದರಿಂದ ಎಪ್ಪತ್ತೆರಡರವರೆಗೆ ಸಾಲಾಗಿ ಹಗ್ಗದಲ್ಲಿ ಹೆಣೆಯುವುದು ಆ ಮನೆಯಲ್ಲಿ ರಾಮಲಿಂಗಯ್ಯನವರ ಕೆಲಸ. ಅವರು ಹತ್ತತ್ತು ಕಾರ್ಡಿನ ಗುಂಪು ಮಾಡಿ ಬಲಗಡೆ ಇಟ್ಟುಕೊಂಡರು. ಎಡಗಡೆ ಮೇಘನ ಮೂಟೆಯ ಹಳೆಯ ಕಾರ್ಡುಗಳನ್ನು ಪೋಣಿಸಿ ರೈಲು ಮಾಡುತ್ತಿದ್ದಳು. ಅಜ್ಜನ ಕೈ ನೋಡಿ ಅವಳ ಕೈ ಆಡುತ್ತಿತ್ತು. ನಂಬರು ನೋಡಿಕೊಳ್ಳಪ್ಪಾ ಎಂದು ಕುಮಾರ್ ಹೇಳಿದ.

"ನಲವತ್ತು ವರ್ಷದಿಂದ ಹೆಣೀತಿದ್ದೀನಿ ಕಣೋ. ನಂಬರ್ ನೋಡ್ಕೊಂಡು ಹೆಣೆಯೋರು ಹೊಸಬರು."

ಅರ್ಧ ಕೆಲಸವಾದಾಗ ಮೇಘನ ಕಿರೀಟ ಬೇಕೆಂದಳು. ರೈಲಿನ ಕಾರ್ಡುಗಳು ಮೆತ್ತಗಾಗಿದ್ದವು, ನಿಲ್ಲಲಿಲ್ಲ. ರಾಮಲಿಂಗಯ್ಯ ಹತ್ತು ಗಟ್ಟಿ ಕಾರ್ಡು ತೆಗೆದು, ಸುತ್ತಲೂ ಬಿಗಿಯಾಗಿ ಹೆಣೆದು, ಅರ್ಧ ಮೊಳ ಎತ್ತರದ ಕಿರೀಟ ಮಾಡಿದರು. ಅದು ಮೇಘನಳ ತಲೆಯಿಂದ ಜಾರಿ ಭುಜಕ್ಕೆ ಬಂತು. ಅವಳು ಅದನ್ನು ತಾತನಿಗೇ ಹಾಕಿ, ತೆಗೆಯಬಾರದು ಎಂದು ಆಣೆ ಇಟ್ಟಳು. ಅವರು ಹಾಗೆಯೇ ಉಳಿದ ಕಾರ್ಡುಗಳನ್ನು ಹೆಣೆದು ಮುಗಿಸಿದರು.

ನಾಲ್ಕಕ್ಕೆ ಕರೆಂಟ್ ಬಂತು. ಕುಮಾರ್ ಕಾರ್ಡುಮಾಲೆ ಏರಿಸಿ ಮಗ್ಗ ಶುರು ಮಾಡಿದ. ಐದೂವರೆಗೆ ಒಂದು ಮೊಳ ನೇಯ್ದಾಗಿತ್ತು. ಕಂಡಿಕೆ ಕೊಡಲು ಬಂದ ವಾಣಿ ಅಂಚು ನೋಡಿದಳು.

"ರೀ, ಇದು ನವಿಲಾ, ಬಾತುಕೋಳೀನಾ?"

ಅಂಚಿನಲ್ಲಿ ಹದಿನೇಳು ನವಿಲುಗಳಿದ್ದವು. ಕಾಲು, ಗರಿ, ಜುಟ್ಟು ಎಲ್ಲ ಸರಿ. ಕುತ್ತಿಗೆ ಮಾತ್ರ ಇರಲಿಲ್ಲ. ತಲೆ ನೇರವಾಗಿ ಬೆನ್ನಿನ ಮೇಲೆ ಕೂತಿತ್ತು. ಮಗ್ಗ ಮತ್ತೆ ನಿಂತಿತು. ಪಿಳ್ಳಣ್ಣ ಮತ್ತೆ ಬಾಗಿಲಿಗೆ ಬಂದ. ಸಂಜೆ ಮನೆಮನೆ ಸುತ್ತಲು ಹೊರಟಿದ್ದ ಮುನಿಲಕ್ಷ್ಮಮ್ಮನೂ ಬಂದರು.

ಕುಮಾರ್ ಕಾರ್ಡು ಎಣಿಸಿದ. ಅರವತ್ತೆರಡು. ನಲವತ್ತರ ಪಕ್ಕದಲ್ಲೇ ಐವತ್ತೊಂದು ಹೆಣೆದಿತ್ತು. ಮೂಟೆ ಸುರಿದು ನೋಡಿದರು, ಮಂಚದ ಕೆಳಗೆ ನೋಡಿದರು, ಮೇಘನಳ ರೈಲನ್ನು ಬಿಚ್ಚಿ ನೋಡಿದರು. ಎಲ್ಲೂ ಸಿಗಲಿಲ್ಲ. ರಾಮಲಿಂಗಯ್ಯನವರ ಸಿಟ್ಟು ನೆತ್ತಿಗೇರಿತು.

"ನಾನು ಅವತ್ತೇ ಬಡ್ಕೊಂಡೆ, ಕಸುಬಿನ ಸಾಮಾನು ಮಗೀನ ಕೈಗೆ ಕೊಡ್ಬೇಡಿ ಅಂತ. ಈಗ ನೋಡಿ. ಸೋಮವಾರ ಅಲ್ಲ, ನಾಳೇನೇ ಹೊರಡ್ಲಿ ಕುಂದಾಣಕ್ಕೆ."

ಮೇಘನ ಗೊಂಬೆ ಅವುಚಿಕೊಂಡು ಅಮ್ಮನ ಸೆರಗಿನೊಳಗೆ ಸೇರಿಕೊಂಡಳು. ವಾಣಿ ತಲೆ ತಗ್ಗಿಸಿದಳು. ಕುಮಾರ್ ಅಪ್ಪನ ಮುಖವನ್ನು ನೋಡುತ್ತಾ ನಿಂತವನು ನಿಧಾನವಾಗಿ ಹತ್ತಿರ ಬಂದ. ಅವರ ಹಣೆಯ ನೇರಕ್ಕೆ ಬಗ್ಗಿದ.

"ನಲವತ್ತೊಂದು," ಎಂದ. "ನಲವತ್ತೆರಡು. ನಲವತ್ಮೂರು. ಸ್ವಲ್ಪ ತಿರುಕ್ಕೊಳಪ್ಪಾ, ನಲವತ್ನಾಲ್ಕು ಕಿವಿ ಮೇಲಿದೆ."

ಐವತ್ತರವರೆಗೆ ಓದಲು ರಾಮಲಿಂಗಯ್ಯ ಒಂದು ಪೂರ್ತಿ ಸುತ್ತು ತಿರುಗಬೇಕಾಯಿತು. ಪಿಳ್ಳಣ್ಣ ಬಾಗಿಲ ಹೊರಗೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕ. ಬಲಗಡೆಯ ಹೊಸ ಗುಂಪಿಗೆ ಕೈಹಾಕಿ ಕಾರ್ಡು ತೆಗೆದವರು ತಾವೇ ಎಂಬುದು ಅವರಿಗೂ ಆಗ ನೆನಪಾಯಿತು.

"ಈ ಮಗು ತನ್ನ ಸಾಮಾನು ತನ್ನ ಮಗ್ಗಲಲ್ಲೇ ಇಟ್ಕೊಂಡಿತ್ತಲ್ಲ ಅಯ್ಯನೋರೆ," ಎಂದರು ಮುನಿಲಕ್ಷ್ಮಮ್ಮ, ನಗದೆ.

ರಾಮಲಿಂಗಯ್ಯ ಕಿರೀಟ ತೆಗೆದು ಮಗನ ಕೈಗೆ ಕೊಟ್ಟರು. ಸೊಸೆಯ ಕಡೆ ತಿರುಗಿದರು. "ಕುಂದಾಣಕ್ಕೆ ಕಳಿಸೋದಾದ್ರೆ ನನ್ನನ್ನೇ ಕಳಿಸ್ಬೇಕು ಕಣಮ್ಮ. ಮಗು ಇಲ್ಲೇ ಇರ್ಲಿ."

ಕಿರೀಟ ಬಿಚ್ಚುವಾಗ ಮೇಘನ ಅತ್ತಳು. ಆ ಸಂಜೆಯೇ ರಾಮಲಿಂಗಯ್ಯ ಮೂಟೆಯಿಂದ ಹತ್ತು ಹಳೆಯ ಕಾರ್ಡು ಆರಿಸಿ, ಗಂಜಿ ಹಚ್ಚಿ ಒಣಗಿಸಿ ಗಟ್ಟಿ ಮಾಡಿದರು. ಮರುದಿನ ಎರಡನೆಯ ಕಿರೀಟ ತಯಾರಾಯಿತು. ವಾಣಿ ಒಂದು ಬಿದಿರಿನ ಬುಟ್ಟಿ ತಂದು, ಮಗುವಿನ ಸಾಮಾನಷ್ಟೇ ಇದರಲ್ಲಿ ಎಂದು ಮೂಲೆಯಲ್ಲಿಟ್ಟಳು. ಕಸುಬಿನ ಕಾರ್ಡುಗಳು ಗೋಡೆಯ ಮೇಲಿನ ಗೂಟಕ್ಕೆ ಹೋದವು. ಅಜ್ಜನಿಗೂ ಇದೇ ನಿಯಮ ಎಂದು ಕುಮಾರ್ ಸೇರಿಸಿದ.

ಈಗ ನಿಮ್ಮ ಮನೆಯ ಮಾತು. ನಿಮ್ಮಲ್ಲಿ ಮಗ್ಗ ಇಲ್ಲದಿರಬಹುದು, ಕಾರ್ಡು ಇಲ್ಲದಿರಬಹುದು. ರಾಗಿ ಕಡ್ಡಿ, ತೆಂಗಿನ ಚಿಪ್ಪು, ಹಳೆಯ ಲಗ್ನಪತ್ರಿಕೆ, ದರ್ಜಿಯ ಅಂಗಡಿಯ ಬಟ್ಟೆ ಚೂರು ಇದ್ದೇ ಇರುತ್ತವೆ. ದುಡ್ಡು ಕೊಟ್ಟು ಏನನ್ನೂ ತರಬೇಡಿ. ದಿನಕ್ಕೆ ಅರ್ಧ ಗಂಟೆ ಮಗುವಿನ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಕತ್ತರಿ, ಬ್ಲೇಡಿನ ಕೆಲಸ ನಿಮ್ಮದು. ಮಡಿಸುವುದು, ಪೋಣಿಸುವುದು, ಅಂಟಿಸುವುದು ಮಗುವಿನದು. ನೂಲು ಮಗುವಿನ ಕೈಯಷ್ಟು ಉದ್ದವಿದ್ದರೆ ಸಾಕು, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಬೇಡ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಹುಣಸೆಬೀಜ, ಮಣಿ, ಗುಂಡಿ ದೂರವಿಡಿ. ಬಾಯಿಗೋ ಮೂಗಿಗೋ ಹೋಗುತ್ತವೆ. ಯಂತ್ರ, ಒಲೆ, ಬಾವಿ ಇರುವ ಕಡೆಗೆ ಮೊದಲು ಅಡ್ಡ ಹಲಗೆ ಹಾಕಿ, ಆಮೇಲೆ ಗೊಂಬೆ. ಕಣ್ಣು ಹಣೆಗೆ ಹೋದರೆ ತಿದ್ದಬೇಡಿ, ಅದು ಮಗು ಬರೆದ ಕಣ್ಣು. ನಿಮ್ಮ ಊರಿನಲ್ಲಿ ದಿನವೂ ಕರೆಂಟ್ ಹೋಗುತ್ತಿದ್ದರೆ ಸಮಯ ಯಾವುದೆಂದು ನಾವು ಹೇಳಬೇಕಿಲ್ಲ.

ಸೋಮವಾರದ ಮೊದಲ ಬಸ್ಸು ಕುಂದಾಣಕ್ಕೆ ಮೇಘನಳಿಲ್ಲದೆ ಹೋಯಿತು. ಹತ್ತು ಗಂಟೆಗೆ ಅವಳು ಗೊಂಬೆ ಹಿಡಿದುಕೊಂಡು ಅಂಗನವಾಡಿಗೆ ಬಂದಳು. ಹಾಳಾದ ಒಂದು ಮೊಳದಲ್ಲಿ ಒಂದು ತುಂಡು ಕತ್ತರಿಸಿ ವಾಣಿ ಗೊಂಬೆಗೆ ಸೀರೆ ಉಡಿಸಿದ್ದಳು. ಅದರ ಅಂಚಿನಲ್ಲಿ ನಾಲ್ಕು ನವಿಲುಗಳಿದ್ದವು. ಒಂದಕ್ಕೂ ಕುತ್ತಿಗೆ ಇರಲಿಲ್ಲ.