ಕಬಕ ಆದ ಮೇಲೆ ಕಡಬ

ಪುತ್ತೂರು ದರ್ಬೆಯ ಆ ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಭಕ್ತಿಗೀತೆಗಳೂ ಸೀರೆ ಅಂಗಡಿಯ ಆಟೋ ಪ್ರಚಾರಗಳೂ ರೆಕಾರ್ಡ್ ಆಗುತ್ತವೆ. ‘ಗುಜಿರಿ’ ಎಂಬ ಬ್ಯಾಂಡು ಅಲ್ಲಿಗೆ ಬಂದದ್ದು ತನ್ನ ಮೊದಲ ಆಲ್ಬಮ್ ಮುಗಿಸುವುದಕ್ಕೆ. ಗುಜಿರಿ ಅಂದರೆ ಗುತ್ತಿಗಾರಿನ ಅಶ್ವಿತನ ಗಿಟಾರು, ಕಬಕದ ಮಿದ್ಲಾಜನ ಡ್ರಮ್ಮು, ರಬ್ಬರ್ ಶೀಟ್ ಒತ್ತುವ ಒಂದು ಹಳೆಯ ಮೆಷಿನ್ನು, ಮತ್ತೆ ಸಮೀಕ್ಷಾ. ಏಳು ಹಾಡುಗಳಲ್ಲಿ ಮೆಷಿನ್ನು ಮನಸಾರೆ ಕಿರುಗುಟ್ಟಿ ಆಗಿತ್ತು. ಬೇಸ್ ನುಡಿಸುವ ಸಮೀಕ್ಷಾ ಬರೆದ ಒಂದೇ ಒಂದು ಮಾತೂ ಇನ್ನೂ ಆಲ್ಬಮಿಗೆ ಸೇರಿರಲಿಲ್ಲ. ಅವಳ ಸಾಲುಗಳಲ್ಲಿ ಅಜ್ಜಿ ಜಾಸ್ತಿ, ಸಿಟ್ಟು ಕಡಿಮೆ ಎಂಬುದು ಅಶ್ವಿತನ ತಕರಾರು.

ಉಳಿದದ್ದು ಎಂಟನೆಯ ಹಾಡು, ಅದು ಅವಳದು. ಮೂಗುತಿ ಕಳೆದುಕೊಂಡ ರಕ್ಕಸಿಯೊಬ್ಬಳು ಊರೂರು ಹುಡುಕುತ್ತ ಅಲೆಯುವ ಕತೆಯನ್ನು ಅಜ್ಜಿ ಹೇಳುತ್ತಿದ್ದರು. ಆ ಕತೆಗೆಂದು ಸಮೀಕ್ಷಾ ತಿಂಗಳುಗಟ್ಟಲೆ ಕೂತು ಊರುಗಳ ಹೆಸರನ್ನಷ್ಟೇ ಹೆಕ್ಕಿದ್ದಳು: ಕಬಕ, ಕಡಬ, ಕುಂಬ್ರ, ಕೊಯಿಲ, ಕಾವು. ಕೇಳಿದರೆ ಸುತ್ತಿಗೆ ಬಡಿದ ಹಾಗಿರಬೇಕು ಎಂದು ಅವಳ ಆಸೆ. ಅವಳೇ ಹೇಳಿದರೆ ಹಾಲು ಉಕ್ಕಿದ ಹಾಗೆ ಕೇಳುತ್ತಿತ್ತು. ಮಧ್ಯಾಹ್ನ ಒಂದು ಗಂಟೆಯೊಳಗೆ ಬೇರೆ ಗಂಟಲು ಸಿಗದಿದ್ದರೆ ಮಾತು ಬಿಟ್ಟು ಗಿಟಾರು ತುಂಬಿಸುವುದೆಂದು ಅಶ್ವಿತ್ ಹೇಳಿಯಾಗಿತ್ತು.

ಹಾಗಾಗಿ ಮಿದ್ಲಾಜ್ ತನ್ನ ಮಾಮ ಪೋಕರಾಕನನ್ನು ಕರೆತಂದ. ಇಪ್ಪತ್ತೆಂಟು ವರ್ಷಗಳಿಂದ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಬಸ್ಸಿಗೆ ಜನ ಕರೆಯುತ್ತಿರುವ ಗಂಟಲು ಅವರದು. ಹನ್ನೆರಡರ ಬಸ್ಸನ್ನು ಬಿಟ್ಟು ಬಂದಿದ್ದರು. ಒಂದು ಹತ್ತರ ಬಸ್ಸಿಗೆ ಮತ್ತೆ ಅಲ್ಲಿರಬೇಕು.

“ಈ ನಮೂನೆಯ ಸಂಗೀತಕ್ಕೆ ಎಂತ ಹೇಳುದು?”

“ಪೋಸ್ಟ್ ಪಂಕ್, ಮಾಮ.”

“ಪೋಸ್ಟ್ ಆಫೀಸಿನವರು ಇದಕ್ಕೂ ಕೈ ಹಾಕಿದ್ರಾ?” ಎಂದು ಪೋಕರಾಕ ಹೆಡ್‌ಫೋನನ್ನು ಟೊಪ್ಪಿಯ ಮೇಲೆಯೇ ಏರಿಸಿದರು.

“ಕಬಕ ಕಬಕ ಕಬಕ ಕಬಕಾ...”

ಗಾಜಿನ ಈಚೆ ಸಮೀಕ್ಷಾಳ ಮೈ ಜುಂ ಎಂದಿತು. ಅಷ್ಟರಲ್ಲಿ ಸ್ವರ ನಿಂತಿತು. ಪೋಕರಾಕ ಅವಳು ಬರೆದುಕೊಟ್ಟ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದರು.

“ಕಬಕ ಆದ ಮೇಲೆ ಕಡಬ ಹೇಗೆ ಬರುದು? ಅದೊಂದು ದಿಕ್ಕು, ಇದೊಂದು ದಿಕ್ಕು.”

“ಪೋಕರಾಕ, ಇದು ಹಾಡು. ಬಸ್ಸಿಲ್ಲ,” ಎಂದ ಅಶ್ವಿತ್.

“ಬಸ್ಸಿಲ್ಲದಿದ್ರೆ ಕರೆಯುದು ಯಾಕೆ ಮಾರಾಯ?”

ಮತ್ತೆ ಮೂರು ಸಲ ಆಯಿತು. ಮೂರು ಸಲವೂ ಕಬಕದ ನಂತರ ಅವರ ನಾಲಗೆ ತನ್ನಷ್ಟಕ್ಕೆ ಆ ದಾರಿಯ ಮುಂದಿನ ಊರಾದ ಮಾಣಿಯ ಕಡೆ ಹೊರಳಿತು.

“ಒಮ್ಮೆ ತಪ್ಪಿ ಕರೆದದ್ದುಂಟು,” ಎಂದರು ಅವರು, ಹೆಡ್‌ಫೋನು ಇಳಿಸಿ. “ಸುಳ್ಯದ ಬಸ್ಸಿಗೆ ಕಡಬ ಅಂತ. ಒಂದು ಹೆಂಗಸು ಮಗು ಎತ್ತಿಕೊಂಡು ಹತ್ತಿದ್ರು. ಆಟೋದಲ್ಲಿ ಬಸ್ಸಿನ ಹಿಂದೆ ಕುಂಬ್ರದವರೆಗೆ ಹೋಗಿ ಇಳಿಸಿದ್ದು ನಾನು. ಜನ ನನ್ನ ಬಾಯಿ ನಂಬಿ ಹತ್ತುದು, ಬೋರ್ಡ್ ನೋಡಿ ಅಲ್ಲ.”

ಗಂಟೆ ಹನ್ನೆರಡೂ ಮುಕ್ಕಾಲು.

“ಗಿಟಾರೇ ಸಾಕಲ್ವ ಸಮೀಕ್ಷಾ?” ಎಂದ ಅಶ್ವಿತ್. ಅವನು ಮೃದುವಾಗಿ ಕೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವಳು ಬಾಗಿಲು ತಳ್ಳಿ ಗಾಜಿನ ಕೋಣೆಯೊಳಗೆ ಹೋಗಿ, ರಕ್ಕಸಿಯ ಕತೆಯನ್ನು ಗಡಿಬಿಡಿಯಲ್ಲಿ ಹೇಳಿದಳು. ಪೋಕರಾಕ ಕಣ್ಣು ಕಿರಿದು ಮಾಡಿ ಕೇಳಿದರು.

“ಅವಳು ನಡೆದೇ ಹೋಗುದಾ?”

“ಹೌದು.”

“ಮೂಗುತಿ ಬಿದ್ದದ್ದು ಎಲ್ಲಿ?”

“ಗೊತ್ತಿಲ್ಲ. ಅಷ್ಟರಲ್ಲಿ ನನಗೆ ನಿದ್ದೆ ಬರ್ತಿತ್ತು.”

“ಅಜ್ಜಿಗೆ ಒಳ್ಳೆ ಪುಳ್ಳಿ ಮಾರಾಯ್ತಿ ನೀನು. ಪ್ಯಾಸೆಂಜರ್ ಉಂಟು ಅಂತ ಇಷ್ಟು ಹೊತ್ತು ಯಾರೂ ಹೇಳಲೇ ಇಲ್ಲ.” ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. “ಆ ಹೆಂಗಸನ್ನು ಇಷ್ಟು ದೂರ ನಡೆಸುದಾ? ನೀನು ಇಲ್ಲೇ ನಿಲ್ಲು. ನೀನೇ ಅವಳು. ನಾನು ಕೇಳಿದ್ದಕ್ಕೆ ಹೇಳು.”

ಸಮೀಕ್ಷಾ ಬೇಡವೆನ್ನುವಷ್ಟರಲ್ಲಿ ಮಿದ್ಲಾಜ್ ಡ್ರಮ್ಮಿನ ಕೋಲೆತ್ತಿದ್ದ.

“ಕಬಕ ಕಬಕ ಕಬಕಾ... ಇಳಿಯಿರಿ ಅಕ್ಕ. ಸಿಕ್ಕಿತಾ?”

“ಇಲ್ಲ.”

“ಪುತ್ತೂರಿಗೆ ವಾಪಸ್ ಬನ್ನಿ. ಉಪ್ಪಿನಂಗಡಿ ಕೊಯಿಲ ಕೊಯಿಲ ಕೊಯಿಲಾ... ಸಿಕ್ಕಿತಾ?”

“ಇಲ್ಲ.”

“ಅದೇ ಬಸ್ಸು, ಮುಂದೆ ಹೋಗಿ. ಆಲಂಕಾರು ಕಡಬ ಕಡಬ ಕಡಬಾ... ಎಂತಾಯ್ತು?”

“ಇಲ್ಲ.”

ಕೈ ಕಟ್ಟಿ ನಿಂತಿದ್ದ ಅಶ್ವಿತ್ ಯಾವಾಗ ಗಿಟಾರು ಎತ್ತಿಕೊಂಡನೋ ಅವನಿಗೇ ಗೊತ್ತಾಗಲಿಲ್ಲ. ಕುಂಬ್ರದಲ್ಲೂ ಸಮೀಕ್ಷಾಳ ‘ಇಲ್ಲ’ ಹಾಲಿನ ಹಾಗೆಯೇ ಇತ್ತು. ಕಾವಿನಲ್ಲಿ ಮತ್ತೆ ‘ಇಲ್ಲ’ ಎನ್ನುವಷ್ಟರಲ್ಲಿ ಅವಳಿಗೆ ನಿಜಕ್ಕೂ ರೇಗಿತು. ಇಷ್ಟು ಊರು ತಿರುಗಿಸಿದ ಮೂಗುತಿಯ ಮೇಲೆ, ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಜೇಬಿಗೆ ತುರುಕಿದವರ ಮೇಲೆ, ಮೃದುವಾಗಿ ಮಾತಾಡುವ ಗಿಟಾರಿನವನ ಮೇಲೆ.

“ಸುಳ್ಯದಲ್ಲಿ ಇಳಿದು ಬೇರೆ ಬಸ್ಸು. ಗುತ್ತಿಗಾರು ಗುತ್ತಿಗಾರು ಗುತ್ತಿಗಾರೂ... ಆಚೆ ಹೋಗುದು ಬೇಡ ಅಕ್ಕ, ಕಾಡಲ್ಲಿ ಆನೆ ಉಂಟು. ಇಲ್ಲಿಯಾದರೂ ಸಿಕ್ಕಿತಾ?”

“ಇಲ್ಲ.”

ಆ ಸ್ವರ ಹೊಟ್ಟೆಯ ಯಾವ ಮೂಲೆಯಿಂದ ಬಂತೋ, ಮಿದ್ಲಾಜನ ಕೈ ನಿಂತೇಹೋಯಿತು. ಮೆಷಿನ್ನು ಮಾತ್ರ ಇನ್ನೆರಡು ಸುತ್ತು ತಿರುಗಿ ಸುಮ್ಮನಾಯಿತು.

ಪೋಕರಾಕ ಗಡಿಯಾರ ನೋಡಿ, “ಪಾಪ, ಅವಳಿಗೆ ಎಂತಾದರೂ ಕುಡಿಯಲಿಕ್ಕೆ ಕೊಡಿ,” ಎಂದು ಮೆಟ್ಟಿಲಿಳಿದೇಬಿಟ್ಟರು. ಅವರ ಬಸ್ಸು ಹೊರಡುವ ಹೊತ್ತಾಗಿತ್ತು.

ಮೂವರೂ ಕೂತು ಹಾಡನ್ನು ಪೂರ್ತಿ ಕೇಳಿದರು. ಆಮೇಲೆ ಅಶ್ವಿತ್ ಗಂಟಲು ಸರಿಮಾಡಿಕೊಂಡ.

“ಇದು ಇರಲಿ. ಇದೇ ಇರಲಿ. ಆದ್ರೆ ನೀನು ಬರೆದ ಹಾಗೆ ಒಂದು ಸಾಲೂ ಉಳಿಯಲಿಲ್ಲ ಮಾರಾಯ್ತಿ. ಆಲ್ಬಮಿನಲ್ಲಿ ‘ಸಾಹಿತ್ಯ: ಸಮೀಕ್ಷಾ’ ಅಂತ ಹೇಗೆ ಹಾಕುದು? ನಿನ್ನದು ಒಂದು ‘ಇಲ್ಲ’ ಉಂಟು, ಅಷ್ಟೆ.”

“ಆರು ಉಂಟು,” ಎಂದಳು ಸಮೀಕ್ಷಾ. “ಇನ್ನೊಮ್ಮೆ ಹಾಕು, ಕೇಳುವ.”